ಪಾಲೋ ಪರಿಹಾರವೋ: ಮರಣಪರಿಹಾರದ ಹಂಚಿಕೆ ಮತ್ತು ಅದರ ಕನ್ನಡ ಪರಿಭಾಷೆ

ಅನ್ಯರ ತಪ್ಪಿನಿಂದ ಒಬ್ಬ ವ್ಯಕ್ತಿ ಮರಣ ಹೊಂದಿದಾಗ ಅವನ ಕುಟುಂಬಕ್ಕೆ ದೊರೆಯುವ ಹಣವನ್ನು ಇಂದಿನ ಕನ್ನಡದಲ್ಲಿ ‘ಪರಿಹಾರ’ ಎಂದು ಕರೆಯಲಾಗುತ್ತದೆ. ಈ ಹಣ ಯಾರದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕೇವಲ ಕಾನೂನಿನದೆಂದು ತೋರುತ್ತದೆ. ಆದರೆ ಹಣ ಕೈಗೆ ಬಂದ ಮೇಲೆ ಕುಟುಂಬದೊಳಗೆ ನಡೆಯುವ ಮಾತುಕತೆಯನ್ನು ಗಮನಿಸಿದರೆ, ವಿವಾದದ ಬೇರು ಬಹಳಷ್ಟು ಸಂದರ್ಭಗಳಲ್ಲಿ ಪದಗಳಲ್ಲಿಯೇ ಇರುವುದು ಕಂಡುಬರುತ್ತದೆ. ‘ಸತ್ತವನ ಹಣ’, ‘ವಾರಸುದಾರರ ಪಾಲು’, ‘ಸರ್ಕಾರ ಕೊಟ್ಟ ಪರಿಹಾರ’ ಎಂಬ ಮೂರು ಮಾತುಗಳು ಒಂದೇ ಮೊತ್ತವನ್ನು ಕುರಿತು ಒಂದೇ ಮನೆಯಲ್ಲಿ ಬಳಕೆಯಾಗುತ್ತವೆ. ಈ ಮೂರೂ ಮೂರು ಬೇರೆ ಬೇರೆ ಹಕ್ಕುಗಳನ್ನು ಸೂಚಿಸುತ್ತವೆ. ಕನ್ನಡ ನಾಡಿನ ಶಾಸನ ಪರಂಪರೆಯ ‘ಕೊಡಗೆ’, ಧರ್ಮಶಾಸ್ತ್ರ ಪರಂಪರೆಯ ‘ದಾಯ’ ಮತ್ತು ಆಧುನಿಕ ಕಾಯಿದೆಯ ‘ಪರಿಹಾರ’ ಎಂಬ ಮೂರು ಪರಿಕಲ್ಪನೆಗಳ ವ್ಯತ್ಯಾಸವನ್ನು ಗುರುತಿಸಿ, ಆ ವ್ಯತ್ಯಾಸ ಅಳಿಸಿಹೋದಾಗ ಹಂಚಿಕೆಯಲ್ಲಿ ಆಗುವ ಅನ್ಯಾಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೋಟಾರು ವಾಹನ ಅಪಘಾತದ ಪ್ರಕರಣಗಳಿಗೆ ಚರ್ಚೆಯನ್ನು ಮುಖ್ಯವಾಗಿ ಸೀಮಿತಗೊಳಿಸಲಾಗಿದೆ.

1. ಕೊಡಗೆ: ಮಡಿದವನ ಹೆಸರಿನ ಭೂಮಿ

ಮರಣದ ಕಾರಣದಿಂದ ಕುಟುಂಬಕ್ಕೆ ಸಂಪತ್ತು ಸಲ್ಲುವ ಪದ್ಧತಿ ಕನ್ನಡ ನಾಡಿಗೆ ಹೊಸತಲ್ಲ. ಯುದ್ಧದಲ್ಲಿ, ತುರುಗಾಳಗದಲ್ಲಿ, ಊರಳಿವಿನಲ್ಲಿ ಮಡಿದ ವೀರರ ಮನೆತನಕ್ಕೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದುದನ್ನು ವೀರಗಲ್ಲು ಶಾಸನಗಳು ದಾಖಲಿಸುತ್ತವೆ. ಇಂತಹ ದತ್ತಿಗಳಿಗೆ ‘ನೆತ್ತರುಗೊಡಗೆ’, ‘ರಕ್ತಕೊಡಗೆ’, ‘ಕಲ್ನಾಡು’, ‘ಬಾಳ್ಗಚ್ಚು’ ಮೊದಲಾದ ಹೆಸರುಗಳಿದ್ದುದು ಶಾಸನಾಭ್ಯಾಸಿಗಳಿಗೆ ವಿದಿತ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ವೀರಪರಂಪರೆಯ ಅಧ್ಯಯನಕ್ಕೆ ಆಧಾರ ಗ್ರಂಥಗಳಾಗಿವೆ.

ಈ ದತ್ತಿಗಳ ಹೆಸರುಗಳ ರಚನೆ ಗಮನಾರ್ಹ. ನೆತ್ತರು ಸುರಿದುದಕ್ಕೆ ಕೊಟ್ಟದ್ದು ನೆತ್ತರುಗೊಡಗೆ. ಕಲ್ಲು ನಿಲ್ಲಿಸಿದುದರೊಂದಿಗೆ ಬಂದದ್ದು ಕಲ್ನಾಡು. ಕತ್ತಿಯನ್ನು ತೊಳೆದುದರ ಗೌರವವಾಗಿ ಬಂದದ್ದು ಬಾಳ್ಗಚ್ಚು. ಎಲ್ಲ ಹೆಸರುಗಳೂ ವೀರನ ಕಾರ್ಯದ ಕಡೆಗೆ ಮುಖ ಮಾಡಿವೆ. ಪಡೆಯುವವರ ಅಗತ್ಯವನ್ನು ಇವುಗಳಲ್ಲಿ ಯಾವ ಹೆಸರೂ ಹೇಳುವುದಿಲ್ಲ. ಗಂಗರ ಎರೆಯಪ್ಪನ ಕಾಲದ, ಸುಮಾರು ಕ್ರಿ.ಶ. 900ರ ಬೇಗೂರಿನ ಪ್ರಸಿದ್ಧ ವೀರಗಲ್ಲು ಇದಕ್ಕೆ ಉತ್ತಮ ನಿದರ್ಶನ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದ ಸುದ್ದಿ ಕೇಳಿ ಎರೆಯಪ್ಪನು ಇರುಗ ಎಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಶಾಸನ ತಿಳಿಸುತ್ತದೆ. ಪಟ್ಟ ಮತ್ತು ಭೂಮಿ ಒಟ್ಟಿಗೆ, ಒಬ್ಬನಿಗೆ ಸಂದವು. ನಾಗತ್ತರನ ಮನೆಯಲ್ಲಿ ಉಳಿದ ಹೆಂಗಸರು ಮಕ್ಕಳ ಪಾಲು ಏನಾಯಿತೆಂಬುದನ್ನು ಹೇಳುವುದು ಶಾಸನದ ಉದ್ದೇಶವಲ್ಲ. ಪಡೆದವನು ಮಡಿದವನ ಸ್ಥಾನದಲ್ಲಿ ನಿಂತು ಸೇವೆಯನ್ನು ಮುಂದುವರಿಸಬೇಕು ಎಂಬ ನಿರೀಕ್ಷೆ ಅಲ್ಲಿ ಅಂತರ್ಗತವಾಗಿದೆ.

ಕೊಡಗೆ ಜೀವಂತನಿಗೂ ಸಲ್ಲಬಹುದಾಗಿತ್ತು. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನು ಗಂಗ ಬೂತುಗನಿಂದ ಬಾಳ್ಗಚ್ಚಾಗಿ ಊರನ್ನು ಪಡೆದನು. ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಸ್ಮಾರಕಕ್ಕೂ ಮಣ್ಣು ಬಿಡಲಾಯಿತು. ಇದರಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಕೊಡಗೆ ನಷ್ಟದ ಅಳತೆಯಲ್ಲ, ಪರಾಕ್ರಮದ ಮನ್ನಣೆ. ಅದನ್ನು ಕೊಡುವವನು ಒಡೆಯ; ಮರಣಕ್ಕೆ ಕಾರಣನಾದ ಶತ್ರುವಲ್ಲ. ಆದ್ದರಿಂದ ನೆತ್ತರುಗೊಡಗೆಯನ್ನು ಇಂದಿನ ಅಪಘಾತ ಪರಿಹಾರದ ಪೂರ್ವರೂಪವೆಂದು ಕರೆಯುವುದು ಸಾಧುವಲ್ಲ. ಆದರೂ ಒಡೆಯನು ಮನೆತನದ ಮೇಲೆ ಅನುಗ್ರಹ ತೋರಿಸುವ ಆ ಮಾದರಿ ಇಂದಿನ ‘ಪರಿಹಾರ ಘೋಷಣೆ’ಯಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ. ದುರಂತದ ಮರುದಿನ ಸರ್ಕಾರ ಘೋಷಿಸುವ ಹಣ ಅನುಗ್ರಹ. ನ್ಯಾಯಮಂಡಳಿ ವಿಧಿಸುವ ಹಣ ಹಕ್ಕು. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು.

2. ದಾಯ: ಸಂಬಂಧದಿಂದ ಬರುವ ಪಾಲು

ಎರಡನೆಯ ಪರಿಕಲ್ಪನೆ ದಾಯ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ದಾಯದ ಲಕ್ಷಣವನ್ನು ನಿರೂಪಿಸಿದ್ದಾನೆ. ಒಡೆಯನೊಡನೆ ಇರುವ ಸಂಬಂಧವೊಂದರ ಕಾರಣದಿಂದಲೇ ಇನ್ನೊಬ್ಬನ ಸ್ವತ್ತಾಗುವ ಧನವೇ ದಾಯ ಎಂಬುದು ಅದರ ತಾತ್ಪರ್ಯ. ಇಲ್ಲಿ ಎರಡು ಅಂಶಗಳಿವೆ. ಮೊದಲನೆಯದಾಗಿ, ಧನಕ್ಕೆ ಮೊದಲೇ ಒಬ್ಬ ಒಡೆಯನಿರಬೇಕು. ಎರಡನೆಯದಾಗಿ, ಪಡೆಯುವವನ ಹಕ್ಕಿಗೆ ಸಂಬಂಧವೇ ಸಾಕು. ಅವನು ಬಡವನೇ, ಮೃತನನ್ನು ಆಶ್ರಯಿಸಿದ್ದವನೇ ಎಂಬ ಪ್ರಶ್ನೆ ಹುಟ್ಟುವುದಿಲ್ಲ.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ದಾಯದ ಕ್ರಮವನ್ನು ಬಹಳಷ್ಟು ಬದಲಾಯಿಸಿದರೂ ಸಂಬಂಧವೇ ಹಕ್ಕಿನ ಮೂಲ ಎಂಬ ತತ್ತ್ವವನ್ನು ಉಳಿಸಿಕೊಂಡಿತು. ಉಯಿಲು ಬರೆಯದೆ ಮೃತನಾದ ಹಿಂದೂ ಪುರುಷನ ಪ್ರತ್ಯೇಕ ಸ್ವತ್ತಿನಲ್ಲಿ ಮಗ, ಮಗಳು, ಹೆಂಡತಿ, ತಾಯಿ ಇವರು ಮೊದಲ ವರ್ಗದ ವಾರಸುದಾರರಾಗಿ ಸಮಪಾಲು ಪಡೆಯುತ್ತಾರೆ. ತಂದೆ ಎರಡನೆಯ ವರ್ಗಕ್ಕೆ ಸೇರುತ್ತಾನೆ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅವನಿಗೆ ಪಾಲಿಲ್ಲ. ಈ ಲೆಕ್ಕದಲ್ಲಿ ಮೂರು ವರ್ಷದ ಮಗುವಿಗೂ ಮದುವೆಯಾಗಿ ಸ್ವಂತ ಸಂಪಾದನೆಯಿರುವ ಮಗಳಿಗೂ ಒಂದೇ ಅಳತೆ.

ಅಪಘಾತದ ಹಣವನ್ನು ಈ ಅಳತೆಯಿಂದ ಹಂಚಬಹುದೇ ಎಂಬುದೇ ಮೂಲ ಪ್ರಶ್ನೆ. ವಿಜ್ಞಾನೇಶ್ವರನ ಲಕ್ಷಣವನ್ನೇ ಒರೆಗಲ್ಲಾಗಿಟ್ಟರೆ ಉತ್ತರ ದೊರೆಯುತ್ತದೆ. ಆ ಹಣಕ್ಕೆ ಮೃತನು ಎಂದೂ ಒಡೆಯನಾಗಿರಲಿಲ್ಲ. ಅವನು ಬದುಕಿದ್ದರೆ ಆ ಹಣವೇ ಇರುತ್ತಿರಲಿಲ್ಲ. ಆದುದರಿಂದ ಅದು ದಾಯವಲ್ಲ, ‘ಸತ್ತವನ ಹಣ’ವೂ ಅಲ್ಲ.

3. ಪರಿಹಾರ: ಉಳಿದವರ ನಷ್ಟ

ಪರಿಹಾರ ಎಂಬ ಪದ ‘ಹೃ’ ಧಾತುವಿನಿಂದ ನಿಷ್ಪನ್ನವಾದುದು. ನೀಗುವುದು, ತೊಲಗಿಸುವುದು ಅದರ ಮೂಲಾರ್ಥ. ಶಾಸನಗಳಲ್ಲಿ ‘ಸರ್ವಬಾಧಾ ಪರಿಹಾರ’ ಎಂದರೆ ತೆರಿಗೆ ಮೊದಲಾದ ಎಲ್ಲ ಬಾಧೆಗಳಿಂದ ಬಿಡುಗಡೆ. ಪಾಪ ಪರಿಹಾರ, ದೋಷ ಪರಿಹಾರ, ಸಮಸ್ಯೆಯ ಪರಿಹಾರ ಎಂಬ ಬಳಕೆಗಳಲ್ಲಿಯೂ ಇದೇ ಅರ್ಥವಿದೆ. ಕಾನೂನಿನ ಪರಿಹಾರ ಮಾತ್ರ ಇದಕ್ಕಿಂತ ಭಿನ್ನ. ಅದು ದುಃಖವನ್ನು ನೀಗುವುದಿಲ್ಲ. ಒಂದು ಕುಟುಂಬದ ಆದಾಯದಲ್ಲಿ ಬಿದ್ದ ತೂತನ್ನು ಅಳೆದು ತುಂಬಲು ಯತ್ನಿಸುತ್ತದೆ. ‘ನಷ್ಟಭರ್ತಿ’ ಎಂಬ ಪದ ಈ ಅರ್ಥಕ್ಕೆ ಹೆಚ್ಚು ಹತ್ತಿರವಾದರೂ ರೂಢಿಯಲ್ಲಿ ‘ಪರಿಹಾರ’ವೇ ನೆಲೆನಿಂತಿದೆ.

ಈ ಕಲ್ಪನೆ ಭಾರತದ ಕಾನೂನಿಗೆ ಬಂದದ್ದು 1855ರ ಮಾರಕ ಅಪಘಾತಗಳ ಅಧಿನಿಯಮದಿಂದ. ವ್ಯಕ್ತಿ ಸತ್ತರೆ ಅವನ ವ್ಯಾಜ್ಯವೂ ಸಾಯುತ್ತದೆ ಎಂಬ ಇಂಗ್ಲೆಂಡಿನ ಹಳೆಯ ನಿಯಮವನ್ನು ಅಲ್ಲಿಯ 1846ರ ಕಾಯಿದೆ ಸಡಿಲಿಸಿತ್ತು. ಅದರ ಮಾದರಿಯಲ್ಲಿ ಭಾರತದ ಕಾಯಿದೆ ರೂಪುಗೊಂಡಿತು. ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು ಇವರ ಪ್ರಯೋಜನಕ್ಕಾಗಿ ದಾವೆ ಹೂಡಬಹುದೆಂದು ಅದು ವಿಧಿಸಿತು. ತಂದೆತಾಯಿ ಎಂಬುದರಲ್ಲಿ ಅಜ್ಜ ಅಜ್ಜಿಯರನ್ನೂ, ಮಕ್ಕಳು ಎಂಬುದರಲ್ಲಿ ಮೊಮ್ಮಕ್ಕಳು ಮತ್ತು ಮಲಮಕ್ಕಳನ್ನೂ ಸೇರಿಸಿತು. ಪ್ರತಿಯೊಬ್ಬರಿಗೂ ಆದ ನಷ್ಟಕ್ಕೆ ತಕ್ಕ ಮೊತ್ತವನ್ನು ನಿಗದಿಪಡಿಸಿ, ನ್ಯಾಯಾಲಯವೇ ತನ್ನ ತೀರ್ಪಿನಲ್ಲಿ ಹಂಚಬೇಕೆಂಬುದು ಅದರ ತಿರುಳು. ಮೃತನ ಸ್ವತ್ತಿಗೆ ಆದ ನಷ್ಟವನ್ನು ಅದೇ ಅಧಿನಿಯಮ ಬೇರೆಯೇ ಬಾಬತ್ತಾಗಿ ಗುರುತಿಸಿತು. ದಾಯ ಮತ್ತು ಪರಿಹಾರಗಳ ನಡುವಿನ ಗೆರೆಯನ್ನು 1855ರಲ್ಲಿಯೇ ಎಳೆಯಲಾಗಿತ್ತು ಎಂಬುದು ಇದರಿಂದ ವ್ಯಕ್ತವಾಗುತ್ತದೆ. 1923ರ ಕಾರ್ಮಿಕರ ಪರಿಹಾರ ಅಧಿನಿಯಮವೂ ಮರಣದ ಹಣವನ್ನು ಆಯುಕ್ತರಲ್ಲಿ ಠೇವಣಿಯಿಡಿಸಿ, ಅವರು ಅವಲಂಬಿತರ ನಡುವೆ ಯುಕ್ತ ಪ್ರಮಾಣದಲ್ಲಿ ಹಂಚುವ ಕ್ರಮವನ್ನು ರೂಢಿಗೆ ತಂದಿತು.

1988ರ ಮೋಟಾರು ವಾಹನಗಳ ಅಧಿನಿಯಮದ 166ನೆಯ ಕಲಂ ಮೃತನ ‘ಕಾನೂನುಬದ್ಧ ಪ್ರತಿನಿಧಿ’ಗಳಿಗೆ ಅರ್ಜಿಯ ಹಕ್ಕನ್ನು ಕೊಡುತ್ತದೆ. ಎಲ್ಲರೂ ಸೇರಿ ಅರ್ಜಿ ಸಲ್ಲಿಸದಿದ್ದರೆ, ಸೇರದವರನ್ನು ಎದುರುದಾರರನ್ನಾಗಿಯಾದರೂ ಹೆಸರಿಸಬೇಕು. 168ನೆಯ ಕಲಮಿನಂತೆ ಯಾರಿಗೆ ಹಣ ಸಲ್ಲಬೇಕೆಂಬುದನ್ನು ನ್ಯಾಯಮಂಡಳಿ ತೀರ್ಪಿನಲ್ಲಿ ನಿರ್ದಿಷ್ಟವಾಗಿ ಹೇಳಬೇಕು. ‘ಕಾನೂನುಬದ್ಧ ಪ್ರತಿನಿಧಿ’ ಎಂಬುದು ವಾರಸುದಾರ ಎಂಬುದಕ್ಕಿಂತ ವಿಶಾಲವೆಂದು ಸರ್ವೋಚ್ಚ ನ್ಯಾಯಾಲಯ ಹಂತಹಂತವಾಗಿ ಸ್ಪಷ್ಟಪಡಿಸಿದೆ. ಗುಜರಾತ್ ರಾಜ್ಯ ರಸ್ತೆ ಸಾರಿಗೆ ನಿಗಮದ 1987ರ ಪ್ರಕರಣದಲ್ಲಿ ಮೃತನ ಸಹೋದರರೂ ಅರ್ಜಿ ಸಲ್ಲಿಸಬಹುದೆಂದು ಅದು ತೀರ್ಮಾನಿಸಿತು. 2020ರಲ್ಲಿ, ಮದುವೆಯಾಗಿ ಸಂಪಾದಿಸುತ್ತಿರುವ ಗಂಡುಮಕ್ಕಳ ಅರ್ಜಿಯನ್ನೂ ಪರಿಗಣಿಸಬೇಕೆಂದಿತು. 2021ರಲ್ಲಿ, ಅಳಿಯನ ಮನೆಯಲ್ಲಿ ಅವನ ಆಶ್ರಯದಲ್ಲಿದ್ದ ಅತ್ತೆಯನ್ನೂ ಪ್ರತಿನಿಧಿಯೆಂದು ಅಂಗೀಕರಿಸಿತು. ಉತ್ತರಾಧಿಕಾರದ ಪಟ್ಟಿಯಲ್ಲಿ ಅಳಿಯನ ಸ್ವತ್ತಿಗೆ ಹೆಂಡತಿಯ ತಾಯಿ ವಾರಸುದಾರಳಲ್ಲ. ಆಕೆಯ ಹಕ್ಕು ರಕ್ತದಿಂದ ಬಂದುದಲ್ಲ. ಒಂದೇ ಒಲೆಯ ಅನ್ನದಿಂದ ಬಂದುದು.

4. ಎಣಿಕೆ ಮತ್ತು ಹಂಚಿಕೆ

ಮೊತ್ತವನ್ನು ಎಣಿಸುವ ಕ್ರಮ ಈ ತತ್ತ್ವವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ದೆಹಲಿ ಸಾರಿಗೆ ನಿಗಮಕ್ಕೆ ಸಂಬಂಧಿಸಿದ 2009ರ ತೀರ್ಪು ಮತ್ತು 2017ರ ಸಂವಿಧಾನ ಪೀಠದ ತೀರ್ಪು ಈ ಎಣಿಕೆಗೆ ಏಕರೂಪತೆಯನ್ನು ತಂದವು. ಮೃತನ ಆದಾಯಕ್ಕೆ ಭವಿಷ್ಯದ ವೃದ್ಧಿಯನ್ನು ಕೂಡಿಸಿ, ಅವನು ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದ ಅಂಶವನ್ನು ಕಳೆದು, ಉಳಿದುದನ್ನು ಅವನ ವಯಸ್ಸಿಗೆ ಹೊಂದುವ ಗುಣಕದಿಂದ ಗುಣಿಸಲಾಗುತ್ತದೆ. ಕಳೆಯುವ ಅಂಶ ಅವಲಂಬಿತರ ಸಂಖ್ಯೆಯನ್ನು ಅನುಸರಿಸುತ್ತದೆ: ವಿವಾಹಿತನಿಗೆ ಇಬ್ಬರು ಮೂವರು ಅವಲಂಬಿತರಿದ್ದರೆ ಮೂರನೆಯ ಒಂದು, ನಾಲ್ವರಿಂದ ಆರು ಮಂದಿ ಇದ್ದರೆ ನಾಲ್ಕನೆಯ ಒಂದು, ಅದಕ್ಕೂ ಹೆಚ್ಚಿದ್ದರೆ ಐದನೆಯ ಒಂದು ಭಾಗ. ಅವಿವಾಹಿತನಾದರೆ ಸಾಮಾನ್ಯವಾಗಿ ಅರ್ಧ. ತಂದೆಗೆ ಸ್ವಂತ ಆದಾಯವಿರುತ್ತದೆಂದು ಭಾವಿಸಿ, ವಿರುದ್ಧ ಸಾಕ್ಷ್ಯವಿಲ್ಲದಿದ್ದರೆ ಅವನನ್ನು ಅವಲಂಬಿತನೆಂದು ಎಣಿಸುವುದಿಲ್ಲ, ತಾಯಿಯನ್ನು ಎಣಿಸಲಾಗುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸಬಹುದು. 34 ವರ್ಷದ ಗಾರೆ ಕೆಲಸದವನೊಬ್ಬ ಅಪಘಾತದಲ್ಲಿ ಮೃತನಾಗಿದ್ದಾನೆ. ಅವನ ತಿಂಗಳ ಆದಾಯ 15,000 ರೂಪಾಯಿ. ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು ಮತ್ತು ವಿಧವೆ ತಾಯಿ ಇದ್ದಾರೆ. ಸ್ವಂತ ದುಡಿಮೆಯವನಾದುದರಿಂದ ಮತ್ತು 40ರೊಳಗಿನ ವಯಸ್ಸಿನವನಾದುದರಿಂದ ಶೇ. 40ರಷ್ಟು ವೃದ್ಧಿ ಸೇರಿದರೆ ತಿಂಗಳಿಗೆ 21,000, ವರ್ಷಕ್ಕೆ 2,52,000 ರೂಪಾಯಿ ಆಗುತ್ತದೆ. ನಾಲ್ವರು ಅವಲಂಬಿತರಿರುವುದರಿಂದ ನಾಲ್ಕನೆಯ ಒಂದು ಭಾಗ ಕಳೆದರೆ 1,89,000. ಗುಣಕ 16ರಿಂದ ಗುಣಿಸಿದರೆ 30,24,000. ಇದಕ್ಕೆ 2017ರ ತೀರ್ಪಿನ ಮೂಲ ದರದಂತೆ ಸ್ವತ್ತಿನ ನಷ್ಟ 15,000, ಅಂತ್ಯಕ್ರಿಯೆಯ ವೆಚ್ಚ 15,000 ಮತ್ತು ಸಾಹಚರ್ಯ ನಷ್ಟ ಸೇರುತ್ತವೆ. ಸಾಹಚರ್ಯ ನಷ್ಟವನ್ನು ಹೆಂಡತಿಗೆ ಮಾತ್ರವಲ್ಲದೆ ಮಕ್ಕಳಿಗೂ ತಂದೆತಾಯಿಗೂ ಕೊಡಬೇಕೆಂದು 2018ರಲ್ಲಿ ನಿರ್ಣಯವಾಗಿರುವುದರಿಂದ ತಲಾ 40,000ದಂತೆ ನಾಲ್ವರಿಗೆ 1,60,000. ಒಟ್ಟು 32,14,000 ರೂಪಾಯಿ. ಈ ಸಾಂಪ್ರದಾಯಿಕ ಬಾಬತ್ತುಗಳು ಮೂರು ವರ್ಷಕ್ಕೊಮ್ಮೆ ಶೇ. 10ರಷ್ಟು ಏರಬೇಕೆಂದು ಅದೇ ತೀರ್ಪು ಹೇಳಿದೆ; ಇಲ್ಲಿ ಸರಳತೆಗಾಗಿ ಆ ಏರಿಕೆಯನ್ನೂ ಬಡ್ಡಿಯನ್ನೂ ಸೇರಿಸಿಲ್ಲ.

ಈಗ ಇದೇ ಲೆಕ್ಕದಿಂದ ತಾಯಿಯನ್ನು ಬಿಟ್ಟು ನೋಡಬೇಕು. ಅವಲಂಬಿತರು ಮೂವರಾಗುತ್ತಾರೆ, ಕಳೆಯುವ ಅಂಶ ಮೂರನೆಯ ಒಂದಕ್ಕೆ ಏರುತ್ತದೆ. ವಾರ್ಷಿಕ ನಷ್ಟ 1,68,000ಕ್ಕೂ, ಗುಣಿತ ಮೊತ್ತ 26,88,000ಕ್ಕೂ ಇಳಿಯುತ್ತದೆ. ವ್ಯತ್ಯಾಸ 3,36,000. ಆಕೆಯ ಸಾಹಚರ್ಯ ನಷ್ಟವೂ ಸೇರಿದರೆ 3,76,000. ಅಂದರೆ ಆ ವೃದ್ಧೆ ಕುಟುಂಬದ ಎಣಿಕೆಯಲ್ಲಿ ಇದ್ದುದರಿಂದಲೇ ಇಷ್ಟು ಹಣ ಮನೆಗೆ ಬಂದಿದೆ. ಹಣ ಬಂದ ಮೇಲೆ ‘ಮುದುಕಿಗೆ ಯಾಕೆ ಪಾಲು’ ಎಂಬ ಮಾತು ಹುಟ್ಟಿದರೆ, ಅದು ಕೇವಲ ಕರುಣೆಯ ಕೊರತೆಯಲ್ಲ, ಲೆಕ್ಕದ ತಪ್ಪು. ಎಣಿಕೆಯಲ್ಲಿ ಸೇರಿದವರನ್ನು ಹಂಚಿಕೆಯಲ್ಲಿ ಬಿಡುವುದು, ಅವರ ಹೆಸರಿನಲ್ಲಿ ಪಡೆದುದನ್ನು ಅವರಿಗೆ ಕೊಡದಿರುವುದೇ ಆಗಿದೆ.

ಇದರ ಇನ್ನೊಂದು ಮುಖವೂ ಉಂಟು. ದಾಯದ ನಿಯಮದಂತೆ ಸಮಪಾಲು ಮಾಡಿದರೆ ನಾಲ್ವರಿಗೂ ತಲಾ 8,03,500 ಬರುತ್ತದೆ. ಆಗ ಮುಂದೆ ಹಲವು ದಶಕಗಳ ಬದುಕನ್ನು ಒಬ್ಬಳೇ ಸಾಗಿಸಬೇಕಾದ ಹೆಂಡತಿಯ ನಷ್ಟವೂ, ತನ್ನ ಬಾಳಿನ ಕೊನೆಯ ಭಾಗದಲ್ಲಿರುವ ತಾಯಿಯ ನಷ್ಟವೂ ಒಂದೇ ಆಗಿಬಿಡುತ್ತವೆ. ಪರಿಹಾರದ ತತ್ತ್ವ ಇದನ್ನು ಒಪ್ಪುವುದಿಲ್ಲ. ಯಾರು ಎಷ್ಟು ಕಾಲ ಎಷ್ಟರಮಟ್ಟಿಗೆ ಮೃತನನ್ನು ಆಶ್ರಯಿಸಬೇಕಾಗಿತ್ತು ಎಂಬುದೇ ಅಳತೆ. ಇಂತಿಷ್ಟೇ ಎಂಬ ನಿಶ್ಚಿತ ಪ್ರಮಾಣವನ್ನು ಕಾಯಿದೆ ವಿಧಿಸಿಲ್ಲ. ವಯಸ್ಸು, ಇತರ ಆಸರೆ, ಮಕ್ಕಳ ಪಾಲನೆಯ ಹೊಣೆ ಇವುಗಳನ್ನು ನೋಡಿ ನ್ಯಾಯಮಂಡಳಿ ನಿರ್ಧರಿಸುತ್ತದೆ. ಆದ್ದರಿಂದ ಒಬ್ಬರಿಗೆ ಹೆಚ್ಚು ಮತ್ತೊಬ್ಬರಿಗೆ ಕಡಿಮೆ ಬಂದುದು ಪಕ್ಷಪಾತವೆಂದು ಭಾವಿಸಬೇಕಾಗಿಲ್ಲ. ಅದು ಪಾಲಿನ ಅಸಮಾನತೆಯಲ್ಲ; ನಷ್ಟದ ಅಸಮಾನತೆ.

ಮೃತಳು ಗೃಹಿಣಿಯಾಗಿದ್ದಾಗ ‘ಆದಾಯವಿಲ್ಲದವಳ ಮರಣದಿಂದ ಯಾರಿಗೆ ನಷ್ಟ’ ಎಂಬ ಪ್ರಶ್ನೆಯೂ ಹಿಂದೆ ಎದುರಾಗಿತ್ತು. ಜಮ್‌ಷೆಡ್‌ಪುರದ 1989ರ ಅಗ್ನಿ ದುರಂತಕ್ಕೆ ಸಂಬಂಧಿಸಿದ 2001ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಮೌಲ್ಯ ಕಟ್ಟಿತು. 2021ರ ತೀರ್ಪಿನಲ್ಲಿ, ಮನೆಗೆಲಸದ ದುಡಿಮೆಗೆ ಆದಾಯವನ್ನು ಕಲ್ಪಿಸುವುದು ಅದರ ಮಾನ್ಯತೆಯೇ ಹೌದೆಂಬ ನಿಲುವನ್ನು ವಿಸ್ತರಿಸಿತು. ಪರಿಹಾರ ಉಳಿದವರ ನಷ್ಟದ ಅಳತೆ ಎಂಬ ತತ್ತ್ವವನ್ನು ಒಪ್ಪಿದರೆ ಮಾತ್ರ ಈ ಬೆಳವಣಿಗೆ ಅರ್ಥವಾಗುತ್ತದೆ.

5. ಅಪ್ರಾಪ್ತರ ಹಣ ಮತ್ತು ರಾಜಿ

ಮಕ್ಕಳ ಭಾಗದ ರಕ್ಷಣೆ ಪ್ರತ್ಯೇಕ ವಿಚಾರ. ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮದ 1993ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಅಪ್ರಾಪ್ತ ವಯಸ್ಕರ ಹಣವನ್ನು ಅವರು ಪ್ರಾಪ್ತ ವಯಸ್ಸಿಗೆ ಬರುವವರೆಗೆ ದೀರ್ಘಾವಧಿ ಠೇವಣಿಯಲ್ಲಿಡುವಂತೆ ಮಾರ್ಗಸೂಚಿ ನೀಡಿತು. ಅನಕ್ಷರಸ್ಥರ ಹಣಕ್ಕೂ ಇಂಥದೇ ಎಚ್ಚರವನ್ನು ಸೂಚಿಸಿ, ತುರ್ತು ಅಗತ್ಯಕ್ಕೆ ಹಿಂಪಡೆಯಲು ಅರ್ಜಿ ಸಲ್ಲಿಸುವ ದಾರಿಯನ್ನು ತೆರೆದಿಟ್ಟಿತು. ಈ ಮಾರ್ಗಸೂಚಿಗಳನ್ನು ಯಾಂತ್ರಿಕವಾಗಿ ಅನ್ವಯಿಸಿ, ತಿಳಿವಳಿಕೆಯುಳ್ಳ ಅರ್ಜಿದಾರರ ಹಣವನ್ನೂ ತಡೆಹಿಡಿಯಬಾರದೆಂದು ಅದೇ ನ್ಯಾಯಾಲಯ 2012ರಲ್ಲಿ ಎಚ್ಚರಿಸಿತು. ಠೇವಣಿಯ ಉದ್ದೇಶ ರಕ್ಷಣೆಯೇ ಹೊರತು ಅವಿಶ್ವಾಸವಲ್ಲ.

ರಾಜಿಯಲ್ಲಿ ಅಪಾಯ ಹೆಚ್ಚು. ಲೋಕ ಅದಾಲತ್ತಿನಲ್ಲಿ ಇತ್ಯರ್ಥವಾದ ಪ್ರಕರಣದ ತೀರ್ಮಾನಕ್ಕೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಮೇಲ್ಮನವಿ ಇಲ್ಲ. ರಾಜಿಯ ಮಾತುಕತೆ ಸಾಮಾನ್ಯವಾಗಿ ‘ಒಟ್ಟು ಎಷ್ಟು’ ಎಂಬುದರ ಸುತ್ತಲೇ ನಡೆಯುತ್ತದೆ. ‘ಯಾರಿಗೆ ಎಷ್ಟು’ ಎಂಬುದು ಕೊನೆಯ ಸಾಲಿಗೆ ಉಳಿಯುತ್ತದೆ. ವಿಮಾ ಕಂಪನಿಗೆ ಮೊದಲ ಪ್ರಶ್ನೆಯೇ ಮುಖ್ಯ. ಕುಟುಂಬದ ಮುಂದಿನ ಬದುಕಿಗೆ ಎರಡನೆಯದು ಅಷ್ಟೇ ಮುಖ್ಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶದ 7ನೆಯ ನಿಯಮ ಈ ಕಾರಣಕ್ಕಾಗಿಯೇ ಮಹತ್ತ್ವದ್ದು. ಅದರಂತೆ ನ್ಯಾಯಾಲಯದ ಅನುಮತಿಯಿಲ್ಲದೆ ಅಪ್ರಾಪ್ತರ ಪರವಾಗಿ ಯಾರೂ, ಹೆತ್ತವರು ಕೂಡ, ರಾಜಿ ಮಾಡಿಕೊಳ್ಳುವಂತಿಲ್ಲ.

6. ಪರಿಭಾಷೆಯ ಹೊಣೆ

ಮೇಲಿನ ಚರ್ಚೆಯ ಹಿನ್ನೆಲೆಯಲ್ಲಿ ಕನ್ನಡ ಪರಿಭಾಷೆಯ ಸ್ಥಿತಿಯನ್ನು ಗಮನಿಸಬೇಕು. ಕುಟುಂಬವು ಕಚೇರಿಯಿಂದ ಮೊದಲು ತರುವ ದಾಖಲೆಗಳಲ್ಲಿ ಒಂದು ‘ವಂಶವೃಕ್ಷ’. ಅದು ವಂಶದ ಚಿತ್ರವೇ ಹೊರತು ಆಶ್ರಯದ ಚಿತ್ರವಲ್ಲ. ಮೃತನನ್ನೇ ಬೇರಾಗಿಟ್ಟು ಕೆಳಮುಖವಾಗಿ ಬರೆದ ವೃಕ್ಷದಲ್ಲಿ ಹೆಂಡತಿ ಮಕ್ಕಳು ಕಾಣುತ್ತಾರೆ. ಮೇಲಿನ ತಲೆಮಾರಿನ ತಾಯಿಗೆ ಅಲ್ಲಿ ಸ್ಥಳವಿರುವುದಿಲ್ಲ. ಅಳಿಯನ ಆಶ್ರಯದಲ್ಲಿದ್ದ ಅತ್ತೆ ಯಾವ ಕೊಂಬೆಯಲ್ಲಿಯೂ ಇರಲಾರಳು. ‘ವಾರಸುದಾರ’ ಎಂಬ ಪದವೂ ಇದೇ ದೋಷವನ್ನು ಹೊತ್ತಿದೆ: ಅದನ್ನು ಕೇಳಿದೊಡನೆ ಸ್ವತ್ತು, ಪಾಲು, ಸಮಾನತೆ ಎಂಬ ಭಾವನೆಗಳು ಮೂಡುತ್ತವೆ. ‘ಅವಲಂಬಿತ’ ಎಂಬ ಪದ ತತ್ತ್ವಕ್ಕೆ ಸರಿಹೊಂದಿದರೂ, ಆಡುಮಾತಿನಲ್ಲಿ ಪರಾಧೀನತೆಯ ಕಳಂಕವನ್ನು ಅಂಟಿಸಿಕೊಂಡಿದೆ. ದುಡಿಯುವ ಹೆಂಡತಿಯೊಬ್ಬಳು ತಾನು ಅವಲಂಬಿತಳಲ್ಲವೆಂದು ಹೆಮ್ಮೆಯಿಂದ ಹೇಳಿದರೆ, ಆ ಮಾತು ಆಕೆಯ ನಷ್ಟವನ್ನೇ ಮರೆಮಾಡಬಹುದು.

ಇಲ್ಲಿ ಕನ್ನಡದ ಬಳಕೆಯಲ್ಲಿರುವ ‘ಜೀವನಾಂಶ’ ಎಂಬ ಪದ ಗಮನಾರ್ಹ. ಬದುಕಿಗೆ ಬೇಕಾದ ಅಂಶ ಎಂಬ ಅದರ ಅರ್ಥದಲ್ಲಿ ಪಡೆಯುವವರ ಅಗತ್ಯವೇ ಮುಂದಿದೆ. ಮರಣಪರಿಹಾರಕ್ಕೆ ಇದನ್ನೇ ಬಳಸುವಂತಿಲ್ಲ. ಅದು ಬೇರೆ ಕಾನೂನಿನ ಪದ. ಆದರೆ ಪದರಚನೆಯ ದಿಕ್ಕನ್ನು ಅದು ತೋರಿಸುತ್ತದೆ. ‘ಆಸರೆ ನಷ್ಟ’, ‘ಆಸರೆ ಕಳೆದುಕೊಂಡವರು’ ಎಂಬಂತಹ ಸರಳ ಪದಗಳು ಅರ್ಜಿಯಲ್ಲಿ, ತೀರ್ಪಿನ ಕನ್ನಡ ಸಾರಾಂಶದಲ್ಲಿ, ಕಾನೂನು ಅರಿವಿನ ಕೈಪಿಡಿಗಳಲ್ಲಿ ಬಂದರೆ ಹಣದ ಸ್ವರೂಪ ಹೆಸರಿನಿಂದಲೇ ತಿಳಿದೀತು. ತೀರ್ಪಿನ ಪ್ರತಿಯನ್ನು ಹದಿನೈದು ದಿನಗಳೊಳಗೆ ಪಕ್ಷಗಾರರಿಗೆ ತಲುಪಿಸಬೇಕೆಂದು 168ನೆಯ ಕಲಂ ಹೇಳುತ್ತದೆ. ತಲುಪಿದ ಪ್ರತಿ ಓದುವವರ ಭಾಷೆಯಲ್ಲಿಲ್ಲದಿದ್ದರೆ, ತನ್ನ ಭಾಗ ಎಷ್ಟೆಂಬುದನ್ನು ವೃದ್ಧೆಯೊಬ್ಬಳು ಮತ್ತೊಬ್ಬರ ಬಾಯಿಂದ ಕೇಳಬೇಕಾಗುತ್ತದೆ. ಆ ಮತ್ತೊಬ್ಬರು ಹಂಚಿಕೆಯಲ್ಲಿ ಆಕೆಯ ಎದುರುದಾರರೇ ಆಗಿರಬಹುದು.

ಒಟ್ಟಿನಲ್ಲಿ, ಕೊಡಗೆ ಮಡಿದವನ ಕಾರ್ಯವನ್ನೂ, ದಾಯ ಮೃತನ ಸ್ವತ್ತನ್ನೂ, ಪರಿಹಾರ ಉಳಿದವರ ನಷ್ಟವನ್ನೂ ಆಧರಿಸಿವೆ. ಶಾಸನಕಾರರು ತಮ್ಮ ಕಾಲದ ದತ್ತಿಗಳಿಗೆ ಅವುಗಳ ಕಾರಣವನ್ನೇ ಹೆಸರಾಗಿ ಇಟ್ಟಿದ್ದರು. ನೆತ್ತರುಗೊಡಗೆ ಏತಕ್ಕೆ ಬಂದಿತೆಂದು ಯಾರೂ ಕೇಳಬೇಕಾಗಿರಲಿಲ್ಲ. ಇಂದಿನ ಪರಿಹಾರಕ್ಕೆ ಅಂತಹ ಸ್ಪಷ್ಟತೆ ದೊರೆತಿಲ್ಲ. ಶಾಸನ ಪರಿಭಾಷೆಯನ್ನು ವಿವರಿಸುವ ಶ್ರಮದ ಒಂದು ಅಂಶವನ್ನು ಕನ್ನಡ ಅಧ್ಯಯನ ವಿಭಾಗಗಳು ನ್ಯಾಯಾಲಯದ ಕನ್ನಡಕ್ಕೂ ಮೀಸಲಿಟ್ಟರೆ, ಎಣಿಕೆಯಲ್ಲಿದ್ದ ತಾಯಿ ಹಂಚಿಕೆಯಲ್ಲಿಯೂ ಉಳಿಯುವುದಕ್ಕೆ ಅದು ನೆರವಾಗುತ್ತದೆ.